ನುಂಗಿದ ಮೂರು ಎಣಿಕೆ

ಮೊದಲೇ ಹೇಳಿಬಿಡ್ತೀನಿ, ಅವತ್ತು ನಾನು ಮಹಡಿ ಹತ್ತಿದ್ದು ಜಗಳಕ್ಕೆ. ಸಂಗೀತ ಕೇಳೋಕಲ್ಲ.

ಬಸವೇಶ್ವರನಗರದ ನಮ್ಮ ಮನೆಯ ಮೇಲಿನ ಪೋರ್ಷನ್ನಿಗೆ ಹೋದ ವರ್ಷ ಒಬ್ಬ ಹುಡುಗಿ ಬಾಡಿಗೆಗೆ ಬಂದಳು. ಜ್ಞಾನಭಾರತಿ ಕ್ಯಾಂಪಸ್ಸಿನ ಕಾಲೇಜಲ್ಲಿ ಪಾಠ ಮಾಡ್ತಾಳೆ. ಹುಡುಗಿ ಅಂದರೆ ಮೂವತ್ತು ದಾಟಿದೆ, ಆದರೆ ನನಗೆ ಐವತ್ತೆಂಟು, ಹಾಗಾಗಿ ಹುಡುಗಿಯೇ. ಗೇಟು ಸದ್ದಿಲ್ಲದೆ ಹಾಕ್ತಾಳೆ, ನೀರು ಪೋಲು ಮಾಡಲ್ಲ, ಎಲ್ಲಾ ಸರಿ. ಭಾನುವಾರ ಬೆಳಿಗ್ಗೆ ಮಾತ್ರ, ನಾನು ಒಗ್ಗರಣೆ ಹಾಕೋ ಹೊತ್ತಿಗೆ ಸರಿಯಾಗಿ, ತಲೆ ಮೇಲೆ ಯಾರೋ ಪೊಂಯ್ ಪೊಂಯ್ ಅಂತ ಊದೋಕೆ ಶುರು ಮಾಡೋರು. ಹಳೇ ಕಾಲದ ರೆಕಾರ್ಡ್ ಪ್ಲೇಯರ್ ಇಟ್ಕೊಂಡಿದ್ದಾಳಂತೆ. ಎರಡು ವಾರ ಸಹಿಸಿದೆ. ಮೂರನೇ ವಾರ ಸೌಟು ಕೈಯಲ್ಲೇ ಹಿಡ್ಕೊಂಡು ಮೆಟ್ಟಿಲು ಹತ್ತಿದೆ.

ಬಾಗಿಲು ತೆಗೆದೇ ಇತ್ತು. ಬೈಯೋಕೆ ಬಾಯಿ ತೆರೆದೆ. ತೆರೆದ ಬಾಯಿ ಹಾಗೇ ನಿಂತಿತು. ಕೆಳಗೆ ಗದ್ದಲ ಅನ್ನಿಸಿದ್ದು ಇಲ್ಲಿ ಬಿಡಿಬಿಡಿಯಾಗಿ ಕಿವಿಗೆ ಬೀಳ್ತಾ ಇತ್ತು. ದಪ್ಪ ದನಿಯ ಒಂದು ಸ್ಯಾಕ್ಸೊಫೋನ್ ತನ್ನ ಪಾಡಿಗೆ ನಡ್ಕೊಂಡು ಹೋಗ್ತಿದೆ. ಅದರ ಮೇಲೆ ಒಂದು ಕ್ಲಾರಿನೆಟ್ ಬಂತು. ಟ್ರಂಪೆಟ್ ಎರಡು ಸೇರಿ ಏನೋ ಕೇಳಿದವು, ಟ್ರೊಂಬೋನ್ ಉತ್ತರ ಕೊಡ್ತು. ಹತ್ತು ಜನ ಇದ್ದಾರೆ, ಒಬ್ಬರ ಕಾಲು ಇನ್ನೊಬ್ಬರು ತುಳೀತಿಲ್ಲ. ಆಮೇಲೆ ಇದ್ದಕ್ಕಿದ್ದ ಹಾಗೆ ಎಲ್ಲರೂ ಸುಮ್ಮನಾದರು. ನಾಲ್ಕು ಎಣಿಕೆ ಯಾರೂ ಇಲ್ಲ. ಮತ್ತೆ ಎಲ್ಲರೂ ಒಟ್ಟಿಗೆ ಬಂದರು.

"ಸಾರಿ ಆಂಟಿ, ಸೌಂಡ್ ಜಾಸ್ತಿ ಆಯ್ತಾ?" ಅಂತ ಅವಳು ಓಡಿ ಬಂದಳು.

"ಸೌಂಡ್ ಹಾಳಾಗ್ಲಿ ಬಿಡು. ಇದನ್ನ ಬರೆದವರು ಯಾರಮ್ಮಾ?"

ಅವಳು ರಟ್ಟಿನ ಕವರ್ ತಂದು ಕೊಟ್ಟಳು. ಅವಳಪ್ಪ ಹುಡುಗರಾಗಿದ್ದ ಕಾಲದ್ದು, ಜಾಜ್ ಅಂತಾರೆ ಅಂದಳು. ಕವರಿನ ಮೇಲೆ ಒಬ್ಬ ಮನುಷ್ಯ ಮೇಜಿನ ಮುಂದೆ ಪೆನ್ಸಿಲ್ ಹಿಡ್ಕೊಂಡು ಕೂತಿದ್ದಾನೆ. ಕೈಯಲ್ಲಿ ಒಂದು ಪೀಪಿಯೂ ಇಲ್ಲ. "ಇವನು ಯಾವ ವಾದ್ಯ ನುಡಿಸ್ತಾನೆ?" ಅಂತ ಕೇಳಿದೆ.

"ಇದರಲ್ಲಿ ಏನೂ ನುಡಿಸಿಲ್ಲ ಆಂಟಿ. ಟ್ಯೂನ್ ಮಾಡಿದ್ದು ಇವರೇ. ಯಾರು ಯಾವಾಗ ಏನು ನುಡಿಸ್ಬೇಕು, ಯಾರು ಸುಮ್ನಿರ್ಬೇಕು ಅಂತ ಬರೆದಿದ್ದೂ ಇವರೇ. ಅರೇಂಜರ್ ಅಂತಾರೆ."

"ಊದಿದವರ ಹೆಸರೆಲ್ಲಿ?"

ಕವರ್ ತಿರುಗಿಸಿ ತೋರಿಸಿದಳು. ಹಿಂದುಗಡೆ, ಸಾಸಿವೆಯಷ್ಟು ಅಕ್ಷರದಲ್ಲಿ. ಮುಂದುಗಡೆ ಅಂಗೈ ಅಗಲದ ಅಕ್ಷರದಲ್ಲಿ ಇದ್ದಿದ್ದು ಬರೆದವನ ಹೆಸರು. ನಾನು ಅಲ್ಲೇ ಇದ್ದ ಬೆತ್ತದ ಮೋಡಾ ಎಳ್ಕೊಂಡು ಕೂತೆ. ಕೆಳಗೆ ಒಗ್ಗರಣೆ ಸೀದ ವಾಸನೆ ಬಂದರೂ ಏಳಲಿಲ್ಲ.

ಯಾಕೆ ಅಂತ ಹೇಳಬೇಕು. ನಮ್ಮಪ್ಪ ಬಿನ್ನಿಪೇಟೆಯಲ್ಲಿ ಬಟ್ಟೆ ಮಿಲ್ಲಿನ ಫಿಟ್ಟರ್, ಸಂಜೆ ಹೊತ್ತು ಮದುವೆಗಳಿಗೆ ಊದೋ ಬ್ಯಾಂಡ್ ಸೆಟ್ಟಿನ ಮಾಸ್ಟರ್. ಅವರಾದ ಮೇಲೆ ಅಣ್ಣ ಮಾಸ್ಟರ್ ಆದ. ಛತ್ರಕ್ಕೆ ಗಂಡು ಬರುವಾಗ ಮುಂದೆ ಹೋಗ್ತಾರಲ್ಲ ಕೆಂಪು ಕೋಟು ಹಾಕ್ಕೊಂಡು, ಅದೇ. ಹೊಸ ಸಿನಿಮಾ ಬಂತು ಅಂದರೆ ಅದರ ಹಾಡನ್ನ ವಾರದೊಳಗೆ ಸ್ವರ ಹಾಕಿ ಬರ್ಕೋಬೇಕು, ಇಲ್ಲದಿದ್ದರೆ ಆ ಸೀಸನ್ ಬೇರೆ ಸೆಟ್ಟಿನ ಪಾಲು. ಆ ಕೆಲಸ ಹನ್ನೊಂದನೇ ವಯಸ್ಸಿಂದ ನನ್ನದು. "ಉಸಿರು ಇವನಿಗಿದೆ, ಕಿವಿ ಇವಳಿಗಿದೆ" ಅಂತ ಅಪ್ಪ ಹೇಳ್ತಿದ್ದರು. ನನಗೂ ಕ್ಲಾರಿನೆಟ್ ಕಲಿಸಿ ಅಂದರೆ ಮಾತ್ರ, "ಛತ್ರದ ಮುಂದೆ ನೀನು ನಿಂತು ಊದಿದ್ರೆ ನಾಳೆ ನಿನ್ನ ಮದುವೆಗೆ ಯಾರೇ ಊದ್ತಾರೆ?" ಅನ್ನೋರು.

ಹಾಗಾಗಿ ನಾನು ಟೇಪ್ ರೆಕಾರ್ಡರ್ ಮುಂದೆ ಕೂತೆ. ಇನ್ನೂರು ಪುಟದ ನೋಟ್ ಬುಕ್, ಸರಿಗಮಪದನಿ. ಕ್ಲಾರಿನೆಟ್ಟಿನವನಿಗೆ ಒಂದು ಪುಸ್ತಕ, ಟ್ರಂಪೆಟ್ಟಿನವನಿಗೆ ಒಂದು, ಅದರಲ್ಲಿ ಅವರವರ ಪಾಲು. ಮದುವೆಯಾಗಿ ಬಸವೇಶ್ವರನಗರಕ್ಕೆ ಬಂದೆ, ಪುಸ್ತಕಗಳೂ ನನ್ನ ಜೊತೆ ಬಂದವು. ಕ್ಯಾಸೆಟ್ ಹೋಗಿ ಸಿ.ಡಿ. ಬಂತು, ಸಿ.ಡಿ. ಹೋಗಿ ಫೋನ್ ಬಂತು, ಬರೆಯೋಳು ನಾನೇ. ಆದರೆ ನಲವತ್ತೇಳು ವರ್ಷದಲ್ಲಿ ಒಬ್ಬರಾದರೂ "ಇದು ಇವಳ ಕೆಲಸ" ಅಂತ ಅಂದಿದ್ದು ಇಲ್ಲ. ನಾನೂ ಅಡಿಗೆ ಮನೆ ಕೆಲಸದ ಹಾಗೆ ಇದೂ ಒಂದು ಅಂದ್ಕೊಂಡಿದ್ದೆ. ಅವತ್ತು ಆ ಮೋಡಾ ಮೇಲೆ ಕೂತಾಗ ಗೊತ್ತಾಯ್ತು, ಇದಕ್ಕೊಂದು ಹೆಸರಿದೆ, ಇದನ್ನ ಮಾಡಿದವನ ಹೆಸರನ್ನ ಮುಂದುಗಡೆ ಹಾಕ್ತಾರೆ. ಹೊಟ್ಟೆ ಉರೀತು. ಖುಷಿಯೂ ಆಯ್ತು.

ಅದೇ ತಿಂಗಳು ಅಣ್ಣ ಒಂದು ಸುದ್ದಿ ತಂದ. ರಾಜಾಜಿನಗರದ ಮೈದಾನದಲ್ಲಿ ರಾಜ್ಯೋತ್ಸವ, ಅಲ್ಲಿ ನಮ್ಮ ಸೆಟ್ಟಿನ ಪ್ರೋಗ್ರಾಂ, ಆಮೇಲೆ ಮಾಸ್ಟರಿಗೆ ಸನ್ಮಾನ. ಮೈಸೂರು ಪೇಟ, ಶಾಲು, ಹಾರ, ಎಲ್ಲಾ.

"ಏಳು ಹಾಡು ಬೇಕು ಕಣೇ, ಬರೆದುಕೊಡು" ಅಂದ.

"ಆರು ಕನ್ನಡ ಹಾಡು ಕೊಡ್ತೀನಿ. ಏಳನೇದು ನಾನು ಹೇಳಿದ್ದು" ಅಂತ ಮಹಡಿಗೆ ಕರ್ಕೊಂಡು ಹೋಗಿ ಆ ರೆಕಾರ್ಡ್ ಕೇಳಿಸಿದೆ.

ಅಣ್ಣ ಪೂರ್ತಿ ಕೇಳಿದ. "ಚೆನ್ನಾಗಿದೆ. ಆದ್ರೆ ರಾಜ್ಯೋತ್ಸವಕ್ಕೆ ಇಂಗ್ಲಿಷ್ ಮ್ಯೂಸಿಕ್ಕಾ?"

"ಇದರಲ್ಲಿ ಒಂದು ಮಾತೂ ಇಲ್ಲ. ಊದೋ ಹನ್ನೊಂದು ಜನವೂ ಕನ್ನಡದವರು. ಇನ್ನೇನು?" ಅಂದೆ. "ಇನ್ನೊಂದು ವಿಷಯ. ಇದನ್ನ ಊದೋಕೆ ಮುಂಚೆ, ಹೊಂದಿಸಿ ಬರೆದವರು ಇಂಥವರು ಅಂತ ನೀನು ಮೈಕಲ್ಲಿ ನನ್ನ ಹೆಸರು ಹೇಳ್ಬೇಕು."

ಅಣ್ಣ ನಕ್ಕ. "ನಿನ್ನ ಹೆಸರು ಯಾಕೆ? ನೀನೇನು ಹೊರಗಿನವಳಾ?"

ಆ ನಗು ನನ್ನ ಮೈಯೆಲ್ಲಾ ಉರಿಸಿತು. ಹೊರಗಿನವಳಾಗಿದ್ದರೆ ಹೇಳ್ತಿದ್ದ ಅಂತ ಆಯ್ತಲ್ಲ. "ಹಾಗಾದ್ರೆ ಇನ್ಮೇಲೆ ನೀನೇ ಬರ್ಕೋ" ಅಂತ ಹೇಳಿ ಕಳಿಸಿದೆ. ನಾಲ್ಕು ದಿನ ಬಿಂಕ ಮಾಡಿದ. ಐದನೇ ದಿನ ಬೆಳಿಗ್ಗೆ ಹೊಸ ಹಾಡಿನ ಎರಡು ಸಾಲನ್ನ ಹನ್ನೊಂದು ತರಹ ಊದಿಸ್ಕೊಂಡು ಸುಸ್ತಾಗಿ ನಮ್ಮ ಬಾಗಿಲಿಗೆ ಬಂದು ನಿಂತ. "ಆಯ್ತು ಕಣೇ, ಹೇಳ್ತೀನಿ ನಿನ್ನ ಹೆಸರು" ಅಂದ. ನಾನು ಕಾಫಿ ಕೊಟ್ಟೆ.

ಮೂರು ವಾರ ಆ ರೆಕಾರ್ಡಿನ ಒಂದೇ ಒಂದು ಟ್ಯೂನಿನ ಮುಂದೆ ಕೂತೆ. ಹುಡುಗಿ ಕಾಲೇಜಿಗೆ ಹೋಗುವಾಗ ಬೀಗದ ಕೈ ಕೊಟ್ಟು ಹೋಗೋಳು. ಮುಳ್ಳು ಎತ್ತೋದು, ಇಡೋದು, ಬರೆಯೋದು. ಅವರ ನಡೆ ನಮ್ಮ ತಕಿಟ ನಡೆಯೇ, "ಕಿ"ಯನ್ನ ಬಾಯೊಳಗೇ ಇಟ್ಕೋತಾರೆ, ಅಷ್ಟೇ. ಅದು ಹಿಡಿದ ಮೇಲೆ ಸಲೀಸಾಯ್ತು. ಒಂದೇ ಹೊತ್ತಿಗೆ ಒಬ್ಬನಿಗೆ ಗ, ಒಬ್ಬನಿಗೆ ಪ, ಇನ್ನೊಬ್ಬನಿಗೆ ನಿ ಬರೋ ಹಾಗೆ ಹಂಚಿದೆ. ಎಷ್ಟು ಹೊತ್ತು ಬಾಯಿ ಮುಚ್ಕೊಂಡಿರ್ಬೇಕು ಅನ್ನೋದನ್ನೂ ಬರೆದೆ. ಬ್ಯಾಂಡ್ ಸೆಟ್ಟಿನವರಿಗೆ ಅದೊಂದು ಕಷ್ಟ. ಎಲ್ಲರೂ ಎಲ್ಲಾ ಹೊತ್ತೂ ಜೋರಾಗಿ ಊದಿದರೇ ಮದುವೆ ಮನೆಯವರಿಗೆ ತೃಪ್ತಿ ಅಂತ ಅವರ ನಂಬಿಕೆ.

ನಡುವೆ ಒಂದು ಜಾಗ ಬರ್ತಿತ್ತು. ನಾಲ್ಕು ನಾಲ್ಕಾಗಿ ಎಣಿಸ್ಕೊಂಡು ಬಂದರೆ, ಅಲ್ಲಿ ಒಂದು ಅನ್ನೋಷ್ಟರಲ್ಲಿ ಟಕ್ ಅಂತ ಸದ್ದು, ತಕ್ಷಣ ಮುಂದಿನ ಸಾಲು. ಮೂರು ಎಣಿಕೆಯನ್ನ ನುಂಗಿಬಿಟ್ಟಿದ್ದಾನೆ. ಎಂಥಾ ಗಂಡಸಪ್ಪಾ ಅಂತ ಬೆರಗಾದೆ. ಅಪ್ಪ ನನಗೆ ಕಲಿಸಿದ್ದು ಒಂದೇ ನಿಯಮ, ಟೇಪಲ್ಲಿ ಇದ್ದಿದ್ದು ಇದ್ದ ಹಾಗೆ ಬರೆಯಬೇಕು. ಜನಕ್ಕೆ ಹಾಡು ಬಾಯಿಪಾಠ ಇರುತ್ತೆ, ಒಂದು ಕೆಮ್ಮು ಬಿಟ್ಟರೂ ಕಂಡುಹಿಡೀತಾರೆ. ಹಾಗಾಗಿ ನುಂಗಿದ್ದನ್ನ ನುಂಗಿದ ಹಾಗೇ ಬರೆದೆ. ಆ ಟಕ್ ಅನ್ನೋದನ್ನೂ ಬಿಡಲಿಲ್ಲ, ಸೈಡ್ ಡ್ರಮ್ಮಿನವನಿಗೆ ಅಂಚಿನ ಮೇಲೆ ಒಂದು ಕಡ್ಡಿ ಏಟು ಅಂತ ಹಾಕಿದೆ.

ಭಾನುವಾರ ಬೆಳಿಗ್ಗೆ ಜ್ಞಾನಭಾರತಿಯ ಬಿದಿರು ಮೆಳೆಗಳ ಹತ್ತಿರ ಪ್ರಾಕ್ಟೀಸ್. ಅಲ್ಲಾದರೆ ವಾಕಿಂಗಿನವರು ಬಿಟ್ಟರೆ ಬೈಯೋರಿಲ್ಲ. ಮೊದಲ ದಿನ ಒಬ್ಬೊಬ್ಬನೂ ತನ್ನ ಪಾಲು ಊದಿ, "ಅಕ್ಕ, ನಂದು ಅಪಸ್ವರ" ಅಂದ. "ಹೌದು, ನಿಂದೂ ಅಪಸ್ವರ, ಅವನದೂ ಅಪಸ್ವರ. ಎಲ್ಲಾ ಸೇರಿ ಊದಿ ನೋಡಿ" ಅಂದೆ. ಊದಿದರು. ಊದಿ ಮುಗಿಸಿ ಒಬ್ಬರ ಮುಖ ಒಬ್ಬರು ನೋಡ್ಕೊಂಡರು. ನನಗೆ ಅಷ್ಟು ಸಾಕಾಗಿತ್ತು.

ಆದರೆ ಆ ಮೂರು ಎಣಿಕೆಯ ಹತ್ತಿರ ಎಲ್ಲರೂ ಬಿದ್ದರು. ಬ್ಯಾಂಡಿನವರು ಹೆಜ್ಜೆ ಹಾಕ್ತಾ ಊದೋರು, ಎಡಗಾಲಿಗೆ ಒಂದು, ಬಲಗಾಲಿಗೆ ಎರಡು. ಮೂರು ಎಣಿಕೆ ಹಾರಿದರೆ ಎಡಗಾಲಿಗೆ ಬರಬೇಕಾದ ಸಾಲು ಬಲಗಾಲಿಗೆ ಬರುತ್ತೆ. ಯೂಫೋನಿಯಂ ಊದೋ ತಾತ, ಅಪ್ಪನ ಕಾಲದವರು, ಎಪ್ಪತ್ತು ದಾಟಿದೆ, "ಏನಮ್ಮಾ ಇದು, ಈ ವಯಸ್ಸಲ್ಲಿ ನನ್ನ ಕಾಲು ತಪ್ಪಿಸ್ತೀಯಲ್ಲ" ಅಂದರು.

"ತಪ್ಪಲಿ ತಾತ. ಎಲ್ಲರದೂ ಒಟ್ಟಿಗೆ ತಪ್ಪಲಿ" ಅಂದೆ.

ನಾಲ್ಕು ಭಾನುವಾರ ತಿದ್ದಿದೆ. ಬೈದೆ, ಕಡಲೆಪುರಿ ಕೊಟ್ಟೆ, ಮತ್ತೆ ಬೈದೆ. ಕೊನೆಗೆ ಹನ್ನೊಂದು ಜನವೂ ಒಂದೇ ಸಲ ಎಡವಿ ಒಂದೇ ಸಲ ಸುಧಾರಿಸ್ಕೊಂಡು ಮುಂದಿನ ಸಾಲು ಹಿಡಿದರು. ಆ ಹೊತ್ತಿಗೆ ಸರಿಯಾಗಿ ನಮ್ಮ ಮಹಡಿ ಹುಡುಗಿ ಸ್ಕೂಟರಿನಲ್ಲಿ ನೋಡೋಕೆ ಬಂದಳು. ಕಣ್ಣರಳಿಸಿ ಕೇಳಿದಳು. ಮುಗಿದ ಮೇಲೆ, "ಸೂಪರ್ ಆಂಟಿ. ಆದ್ರೆ ನಡುವೆ ಯಾಕೆ ಹಾಗೆ ಹಾರ್ತೀರಾ?" ಅಂದಳು.

"ಅವನೇ ಹಾರಿದ್ದಾನಲ್ಲ."

"ಇಲ್ಲ ಆಂಟಿ. ಅದು ರೆಕಾರ್ಡ್ ಮೇಲೆ ಬಿದ್ದಿರೋ ಗೀರು."

ಗೀರು ಬಿದ್ದ ರೆಕಾರ್ಡು ಒಂದೇ ಕಡೆ ಸುತ್ತುತ್ತೆ ಅಂತ ನನಗೆ ಗೊತ್ತಿತ್ತು. ಮುಂದಕ್ಕೂ ಹಾರುತ್ತೆ ಅಂತ ಗೊತ್ತಿರಲಿಲ್ಲ. ಅವಳು ಫೋನಿನಲ್ಲಿ ಅದೇ ಟ್ಯೂನ್ ಹಾಕಿದಳು. ಆ ಮೂರು ಎಣಿಕೆ ಅಲ್ಲಿ ಸುಖವಾಗಿ ಕೂತಿತ್ತು. ಟಕ್ ಇಲ್ಲ, ಎಡವೋದೂ ಇಲ್ಲ. ಹನ್ನೊಂದು ಜನ ನನ್ನ ಮುಖ ನೋಡಿದರು. ಅಣ್ಣ ಕ್ಲಾರಿನೆಟ್ಟಿನ ಎಂಜಲು ಒರೆಸ್ತಾ, "ಅರೇಂಜರ್ರು" ಅಂದ. ಅಷ್ಟೇ ಅಂದಿದ್ದು. ಆಮೇಲೆ, "ಇನ್ನು ಹತ್ತು ದಿನ ಇದೆ. ಸರಿ ಮಾಡು, ಇಲ್ಲಾ ಏಳನೇ ಹಾಡು ಬಿಟ್ಬಿಡೋಣ" ಅಂತ ಸೇರಿಸಿದ.

ಮನೆಗೆ ಬಂದು ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅತ್ತೆ. ಸುಳ್ಳು ಯಾಕೆ ಹೇಳಲಿ, ಅಪ್ಪ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ. ಗೀರನ್ನ ಸಂಗೀತ ಅಂತ ನಂಬಿ ಹನ್ನೊಂದು ಜನ ಗಂಡಸರನ್ನ ಕುಣಿಸಿದವಳಿಗೆ ಮೈಕಲ್ಲಿ ಹೆಸರು ಬೇಕಂತೆ. ನನ್ನ ಮೇಲೇ ನನಗೆ ಅಸಹ್ಯ ಆಯ್ತು.

ಮಧ್ಯಾಹ್ನ ಪೆನ್ಸಿಲ್ ತಗೊಂಡು ತಿದ್ದೋಕೆ ಕೂತೆ. ಫೋನಿಂದ ಸರಿಯಾದದ್ದನ್ನ ಕೇಳಿದೆ. ಎಷ್ಟು ಚೆಂದ ಅಂದರೆ, ಆ ಮನುಷ್ಯನಿಗೆ ಇದ್ದಲ್ಲಿಂದಲೇ ಕೈ ಮುಗಿದೆ. ಆ ಮೂರು ಎಣಿಕೆಯಲ್ಲಿ ಎಲ್ಲರೂ ಕುರ್ಚಿಗೆ ಒರಗಿ ಉಸಿರು ಬಿಟ್ಟ ಹಾಗಿದೆ. ಆಗ ಹೊಳೀತು. ಅವನ ಹತ್ತು ಜನ ಕುರ್ಚಿ ಮೇಲೆ ಕೂತು ನುಡಿಸಿದವರು. ನನ್ನ ಹನ್ನೊಂದು ಜನ ನಡೀತಾ ಊದೋರು. ರಸ್ತೆಯಲ್ಲಿ ನಡೆಯೋನಿಗೆ ಆ ಮೂರು ಎಣಿಕೆಯಲ್ಲಿ ಏನು ಕೆಲಸ? ಎಡವಿದರೆ, ಸುಧಾರಿಸ್ಕೊಂಡರೆ, ನೋಡೋರ ಎದೆಯೂ ಧಸಕ್ ಅಂದು ಸರಿಹೋಗುತ್ತೆ. ಅದು ಅವನ ಸಂಗೀತದಲ್ಲಿ ಇಲ್ಲ, ನಮ್ಮದರಲ್ಲಿ ಇದೆ. ಹೊಂದಿಸೋದು ಅಂದರೆ ಮತ್ತೇನು ಸ್ವಾಮಿ? ಯಾರ ಹತ್ತಿರ ಏನಿದೆ ನೋಡಿ ಬರೆಯೋದು ತಾನೇ?

ತಿದ್ದಲಿಲ್ಲ. ಒಂದು ಕಡೆ ಇದ್ದಿದ್ದನ್ನ ಮೂರು ಕಡೆ ಮಾಡಿದೆ. ಮೊದಲನೇದು ಮೆತ್ತಗೆ, ಎರಡನೇದು ಸ್ವಲ್ಪ ಜೋರು, ಮೂರನೇದಕ್ಕೆ ದೊಡ್ಡ ಡ್ರಮ್ಮೂ ಸೇರಿ. ಮಾರನೇ ಬೆಳಿಗ್ಗೆ ಅಣ್ಣನಿಗೆ ಫೋನ್ ಮಾಡಿ, "ನಿನ್ನೆ ಅದು ಗೀರು. ಇವತ್ತು ಅದು ನಾನು ಬರೆದಿದ್ದು. ಹಾಗೇ ಊದ್ಬೇಕು" ಅಂದೆ. ಅಣ್ಣ ಗೊಣಗಿದ. ಆದರೆ ಪ್ರಾಕ್ಟೀಸಿನಲ್ಲಿ ಆ ಜಾಗ ಬಂದಾಗ ಅವನಿಗೂ ಮಜಾ ಬರ್ತಿತ್ತು ಅನ್ನೋದು ಅವನ ಮುಖದಲ್ಲೇ ಗೊತ್ತಾಗ್ತಿತ್ತು.

ರಾಜ್ಯೋತ್ಸವದ ಸಂಜೆ ಮೈದಾನ ತುಂಬಿತ್ತು. ಹಳದಿ ಕೆಂಪು ಬಂಟಿಂಗ್ಸ್, ಪ್ಲಾಸ್ಟಿಕ್ ಕುರ್ಚಿ, ಹಿಂದೆ ಪಾನಿಪೂರಿ ಗಾಡಿ. ನಾನು ಎರಡನೇ ಸಾಲಲ್ಲಿ, ಪಕ್ಕದಲ್ಲಿ ನಮ್ಮ ಹುಡುಗಿ. ಆರು ಹಾಡು ಆಯ್ತು, ಜನ ಚಪ್ಪಾಳೆ ತಟ್ಟಿದರು. ಏಳನೇದಕ್ಕೆ ಸೆಟ್ಟಿನವರು ಗೇಟಿನ ಕಡೆಯಿಂದ ಜನರ ನಡುವೆ ನಡ್ಕೊಂಡು ಬರಬೇಕು ಅಂತ ನಾನೇ ಹೇಳಿದ್ದೆ. ಅಣ್ಣ ಮೈಕ್ ಹತ್ತಿರ ಹೋಗಿ ಹೆಸರು ಹೇಳ್ತಾನೆ ಅಂತ ಕಾದೆ. ಅವನು ಹೋಗಲಿಲ್ಲ. ಸೀದಾ ಗೇಟಿನ ಹತ್ತಿರ ಹೋಗಿ ನಿಂತ. ಮುಗಿದ ಮೇಲೆ ಹೇಳ್ತಾನೆ ಬಿಡು ಅಂದ್ಕೊಂಡೆ.

ಸ್ಯಾಕ್ಸೊಫೋನ್ ಒಂದೇ ಹೊರಟಿತು. ಜನ ಹಿಂತಿರುಗಿ ನೋಡಿದರು. ಕ್ಲಾರಿನೆಟ್ ಮೇಲೆ ಬಂತು, ಟ್ರಂಪೆಟ್ ಕೇಳ್ತು, ಟ್ರೊಂಬೋನ್ ಹೇಳ್ತು. ಎಲ್ಲರೂ ಸುಮ್ಮನಾದಾಗ ಪಾನಿಪೂರಿಯವನ ಚಮಚದ ಸದ್ದು ಕೇಳಿಸಿತು. ಅಷ್ಟು ಹೊತ್ತಿಗೆ ಜನ ತಾಳ ಹಾಕೋಕೆ ಶುರು ಮಾಡಿದ್ದರು. ಮೊದಲನೇ ಎಡವು ಬಂತು, ಟಕ್, ಇಡೀ ಮೈದಾನದ ಚಪ್ಪಾಳೆ ತಪ್ಪಿಹೋಯ್ತು. ಏನಾಯ್ತು ಅಂತ ಜನ ಅಕ್ಕಪಕ್ಕ ನೋಡ್ಕೊಂಡರು. ಎರಡನೇದರಲ್ಲಿ ಮತ್ತೆ ತಪ್ಪಿತು, ಈ ಸಲ ನಕ್ಕರು. ಮುಂದಿನ ಸಾಲಿನ ಹುಡುಗರು ಎದ್ದು ನಿಂತರು, "ಮಚ್ಚಾ, ಇನ್ನೊಂದ್ಸಲ ಬರುತ್ತೆ ನೋಡು" ಅಂತ ಒಬ್ಬ ಅಂದ. ಮೂರನೇದು ಬಂದಾಗ ಇಡೀ ಮೈದಾನ ಅದನ್ನ ಹಿಡೀತು. ಸೀರೆ ಉಟ್ಟ ಹೆಂಗಸರು, ಪೊಲೀಸಪ್ಪ, ಎಲ್ಲರೂ ಒಂದೇ ಕಾಲಲ್ಲಿ ಎಡವಿ ಒಂದೇ ಕಾಲಲ್ಲಿ ಎದ್ದರು. ಆ ಗಲಾಟೆಯಲ್ಲಿ ಕೊನೆಯ ಸಾಲು ಯಾರಿಗೂ ಕೇಳಿಸಲೇ ಇಲ್ಲ. "ಒನ್ಸ್ ಮೋರ್, ಒನ್ಸ್ ಮೋರ್" ಅಂತ ಕೂಗು. ನಾನು ಗೆದ್ದಿದ್ದೆ ಕಣ್ರೀ. ಗೆದ್ದಿದ್ದು ಯಾರು ಅಂತ ಯಾರಿಗೂ ಗೊತ್ತಿರಲಿಲ್ಲ, ಅಷ್ಟೇ.

ಅಣ್ಣನನ್ನ ವೇದಿಕೆಗೆ ಕರೆದರು. ಪೇಟ ಇಟ್ಟರು, ಶಾಲು ಹೊದಿಸಿದರು. ಕಾರ್ಯಕ್ರಮ ನಡೆಸ್ತಿದ್ದ ಯುವಕ, "ಈ ಅದ್ಭುತವಾದ ಸಂಯೋಜನೆ ಮಾಡಿದಂಥ ಮಾಸ್ಟರಿಗೆ ಜೋರಾದ ಚಪ್ಪಾಳೆ" ಅಂದ. ಅಣ್ಣ ಮೈಕ್ ತಗೊಂಡ. ಅಪ್ಪನನ್ನ ನೆನೆದ. ಸಂಘದವರಿಗೆ ವಂದನೆ ಹೇಳಿದ, ಪೆಂಡಾಲಿನವರಿಗೆ ಹೇಳಿದ, ಟೀ ಕೊಟ್ಟವನ ಹೆಸರೂ ಹೇಳಿದ. ನನ್ನ ಕಡೆ ಒಂದು ಸಲ ನೋಡಿದ. ನೋಡಿ ಕಣ್ಣು ಪಕ್ಕಕ್ಕೆ ಸರಿಸಿದ.

ಹುಡುಗಿ ನನ್ನ ಕೈ ಹಿಡ್ಕೊಂಡಳು. ಸಮಾಧಾನಕ್ಕೆ ಇರಬೇಕು. ಬ್ಯಾಗನ್ನ ಅವಳ ಮಡಿಲಿಗೆ ಹಾಕಿ ಎದ್ದೆ. ಐವತ್ತೆಂಟು ವರ್ಷದಲ್ಲಿ ನಾನು ವೇದಿಕೆ ಹತ್ತಿದವಳಲ್ಲ. "ಮೇಡಂ, ಲೇಡೀಸ್ ರಂಗೋಲಿ ಪ್ರೈಜ್ ಆಮೇಲೆ" ಅಂತ ಆ ಯುವಕ ಅಡ್ಡ ಬಂದ. "ನಾನು ರಂಗೋಲಿಗೆ ಬಂದಿಲ್ಲಪ್ಪಾ" ಅಂತ ಪಕ್ಕಕ್ಕೆ ಸರಿಸಿ ಅಣ್ಣನ ಕೈಯಲ್ಲಿದ್ದ ಮೈಕ್ ಹಿಡಿದೆ. ಅವನು ಬಿಡಲಿಲ್ಲ. ನಾನೂ ಬಿಡಲಿಲ್ಲ. ಆಮೇಲೆ ಬಿಟ್ಟ.

"ಎಲ್ಲರಿಗೂ ನಮಸ್ಕಾರ" ಅಂದೆ. ನನ್ನ ದನಿ ಆ ದೊಡ್ಡ ಸ್ಪೀಕರಿಂದ ಬಂದಿದ್ದು ಕೇಳಿ ನನಗೇ ಗಾಬರಿ. "ಈಗ ನೀವು ಕುಣಿದ ಟ್ಯೂನ್ ಬೇರೆ ದೇಶದ ಒಬ್ಬ ಮಹಾನುಭಾವರದು. ಅವರಿಗೆ ದೊಡ್ಡ ನಮಸ್ಕಾರ. ಅದನ್ನ ಈ ಹನ್ನೊಂದು ಜನಕ್ಕೆ ಹೊಂದಿಸಿ ಬರೆದೋಳು ನಾನು. ನೀವು ಎಡವಿದಿರಲ್ಲ ಮೂರು ಸಲ, ಅದು ನಂದು, ನನ್ನೊಬ್ಬಳದೇ." ಆಮೇಲೆ ನನ್ನ ಹೆಸರು ಹೇಳಿದೆ. ಅಪ್ಪನ ಹೆಸರಿನ ಇನಿಷಿಯಲ್ ಸೇರಿಸಿ, ಒಂದೊಂದು ಅಕ್ಷರ ಬಿಡಿಸಿ ಹೇಳಿದೆ. ಸಾಲದು ಅನ್ನಿಸ್ತು, ಇನ್ನೊಂದು ಸಲ ಹೇಳಿದೆ.

ಜನ ಗಲಿಬಿಲಿಯಾದರು. ಕೆಳಗಿಂದ ಯೂಫೋನಿಯಂ ತಾತ, ಮೈಕ್ ಇಲ್ಲದೇನೇ, "ಇದೊಂದೇ ಅಲ್ಲ. ನಾನು ಈ ಸೆಟ್ಟಲ್ಲಿ ಊದಿದ್ದೆಲ್ಲಾ ಇವಳು ಬರೆದಿದ್ದೇ" ಅಂದರು. ಆಗ ನೋಡಿ ಹೊಡೆದರು ಚಪ್ಪಾಳೆ. ಮತ್ತೆ ಶುರುವಾಯ್ತು, ಒನ್ಸ್ ಮೋರ್, ಒನ್ಸ್ ಮೋರ್.

ಅಣ್ಣ ಪೇಟ ತೆಗೆದು ಕುರ್ಚಿ ಮೇಲಿಟ್ಟ. ಮೆಟ್ಟಿಲಿಳಿದು ಹೋದ. ಸಿಟ್ಟು ಮಾಡ್ಕೊಂಡು ಮನೆಗೇ ಹೋದ ಅಂತ ನಾನು ತಿಳ್ಕೊಂಡೆ. ಹೋಗ್ಲಿ ಅಂದ್ಕೊಂಡೆ. ಅವನು ಹೋಗಿದ್ದು ಸೆಟ್ಟಿನ ಹತ್ತಿರ. ಎಲ್ಲರ ಮುಂದೆ, ಮಾಸ್ಟರ್ ನಿಂತು ಕೈ ತೋರಿಸೋ ಜಾಗದಲ್ಲಿ ಅವನು ನಿಲ್ಲಲಿಲ್ಲ. ಸಾಲಿನೊಳಗೆ, ಎರಡನೇ ಕ್ಲಾರಿನೆಟ್ಟಿನವನ ಪಕ್ಕ ಹೋಗಿ ನಿಂತು, ಕ್ಲಾರಿನೆಟ್ ತುಟಿಗಿಟ್ಕೊಂಡು, ತಲೆ ಎತ್ತಿ ನನ್ನನ್ನ ನೋಡಿದ.

ನಾನು ಇಳಿದು ಹೋಗಿ ಮುಂದೆ ನಿಂತೆ. ಕೈ ಎತ್ತಿ ಬೆರಳಲ್ಲಿ ಒಂದು, ಎರಡು, ಮೂರು ಅಂತ ತೋರಿಸಿದೆ. ನಾಲ್ಕಕ್ಕೆ ಅಣ್ಣ, ನನ್ನ ಬೆರಳನ್ನೇ ನೋಡ್ತಾ, ಉಸಿರು ಎಳ್ಕೊಂಡ.